ಮೆಟ್ಟಿಲ ಕೆಳಗಿನ ಬ್ಯಾಟರಿಗೆ ನೀರು ಬಿದ್ದಿತ್ತೇ?

ಇಲ್ಲ ಅಂದೆನೋ, ಗೊತ್ತಿಲ್ಲ ಅಂದೆನೋ. ಎರಡರಲ್ಲಿ ಒಂದನ್ನು ಅಂದಿದ್ದೇನೆ. "ಗೊತ್ತಿಲ್ಲ" ಅಂದೆ ಎನ್ನುತ್ತದೆ ನೆನಪು. ಅದು ನನಗೆ ಅನುಕೂಲವಾದ ಉತ್ತರ, ಅದಕ್ಕೇ ನಂಬಿಕೆ ಬರುವುದಿಲ್ಲ.

ಕೇಳಿದವನು ಮಧುಗಿರಿಯ ನಮ್ಮ ಮನೆಗೆ ಸೋಲಾರ್ ಕೂರಿಸಿದ ಮೆಕ್ಯಾನಿಕ್, ಪಾವಗಡದ ಕಡೆಯವನು. "ಒಳಕ್ಕೇನಾದ್ರೂ ನೀರು ಹೋಗಿದ್ಯಾ ಅಕ್ಕಾ?" ಎಂದು ಕೇಳಿದ. ಅದಕ್ಕೂ ಮೊದಲೇ, ನೀರು ಹೋಗಿದ್ದರೆ ವಾರಂಟಿ ಇಲ್ಲ ಅಂದಿದ್ದ. ಅಥವಾ ಆಮೇಲೆ ಅಂದನೋ. ಮೊದಲೇ ಅಂದಿದ್ದರೆ ನನ್ನ ಉತ್ತರದ ಮೇಲೆ ಅನುಮಾನ ಇನ್ನೂ ಹೆಚ್ಚುತ್ತದೆ.

ಬ್ಯಾಟರಿ ತಂದಿದ್ದು ಅಮ್ಮನಿಗಾಗಿ. ಅಮ್ಮನ ಶ್ವಾಸಕೋಶ ದುರ್ಬಲ. ಮೂಗಿಗೆ ನಳಿಗೆ ಹಾಕಿಕೊಂಡು, ಆಕ್ಸಿಜನ್ ಕೊಡುವ ಯಂತ್ರದ ಪಕ್ಕದಲ್ಲೇ ದಿನ ಕಳೆಯುತ್ತಾರೆ. ಕರೆಂಟು ಹೋದರೆ ಯಂತ್ರ ನಿಲ್ಲುತ್ತದೆ. ಹಳೆಯ ಇನ್ವರ್ಟರ್ ಸಾಲದೆ ಬಂತು, ಬೀರುವಿನಷ್ಟು ಎತ್ತರದ ಈ ಲಿಥಿಯಂ ಬ್ಯಾಟರಿ; ಇದಕ್ಕೆ ನೀರು ಹಾಕುವಂತಿಲ್ಲ. ಮೆಟ್ಟಿಲ ಕೆಳಗೆ ನಿಲ್ಲಿಸಿದರು. ಗೋಡೆಯ ಆಚೆ ಬದಿಗೆ ಅಮ್ಮನ ಮಂಚ.

ಅಪ್ಪ ಬಡವನಹಳ್ಳಿಯಲ್ಲಿ ಹಿಟ್ಟಿನ ಗಿರಣಿ ನಡೆಸಿದವರು. ಯಂತ್ರವನ್ನು ಕಿವಿಯಿಂದಲೇ ಅಳೆಯುವ ಮನುಷ್ಯ. ಹಳೆಯ ಇನ್ವರ್ಟರ್ ಬ್ಯಾಟರಿಗೆ ಮೂರು ತಿಂಗಳಿಗೊಮ್ಮೆ ಮುಚ್ಚಳ ತಿರುಗಿಸಿ ನೀರು ತುಂಬುತ್ತಿದ್ದರು. ಆಯುಧಪೂಜೆಯ ಬೆಳಿಗ್ಗೆ ಹೊಸದನ್ನೂ ಬಿಡಲಿಲ್ಲ. ಒದ್ದೆ ಬಟ್ಟೆಯಲ್ಲಿ ಒರೆಸಿ, ವಿಭೂತಿ ಕಲಸಿ ಮೂರು ಪಟ್ಟೆ ಎಳೆದರು. ಮಿಂಚಿನ ಗುರುತಿನ ಎಚ್ಚರಿಕೆಯ ಚೀಟಿ ಪಟ್ಟೆಯ ಕೆಳಗೆ ಮರೆಯಾಯಿತು. ಗಾಳಿಯಾಡುವ ಸೀಳುಗಳ ಮೇಲೆ ಸೇವಂತಿಗೆ ಹಾರ ಬಿತ್ತು.

ಮಧ್ಯಾಹ್ನ ಹಾರ ತೆಗೆಯಲು ಹೋದಾಗ ನೋಡಿದ್ದು: ಹಳೆಯ ಬ್ಯಾಟರಿಗೆ ಹಾಕುತ್ತಿದ್ದ ನೀರಿನ ಕ್ಯಾನು ಪಕ್ಕದಲ್ಲಿತ್ತು, ಅರ್ಧ ಖಾಲಿ. ನೆಲದ ಮೇಲೆ ಅಂಗೈಯಗಲದ ತೇವ. ಕ್ಯಾನು ಮೊದಲು ತುಂಬಿತ್ತು ಎಂದೇ ನನ್ನ ನೆನಪು. ಆದರೆ ಅದನ್ನು ನಾನು ಯಾವಾಗ ನೋಡಿದ್ದೆ?

"ಅಪ್ಪಾ, ಇದಕ್ಕೆ ನೀರು ಹಾಕಿದ್ರಾ?"

"ಬ್ಯಾಟ್ರಿ ಅಂದ್ಮೇಲೆ ನೀರು ಕುಡೀಬೇಕು ಕಣಮ್ಮ. ಟ್ರ್ಯಾಕ್ಟರಿಂದು ಕುಡಿಯಲ್ವಾ?"

"ಹಾಕಿದ್ರಾ ಅಂತ ಕೇಳ್ದೆ."

"ಮುಚ್ಚಳಾನೇ ಇಲ್ವಲ್ಲ ಅದಕ್ಕೆ. ಎಂಥ ಬ್ಯಾಟ್ರಿ ತಂದಿದ್ದೀಯೋ."

ಒಳಗಿಂದ ಅಮ್ಮ, ಉಸಿರಿಗೊಂದು ಮಾತಿನಂತೆ: "ನಿಮ್ಮಪ್ಪ ನಂಗೂ ಅಂಗೆ... ಮೂರು ತಿಂಗ್ಳಿಗೊಂದ್ಸಲ ನೀರು ಬೇಕಾ ಅಂತ ಕೇಳಿದ್ದಿದ್ರೆ... ನಾನಿಂಗಾಗ್ತಿರ್ಲಿಲ್ಲ."

ಅಪ್ಪ ನಕ್ಕರು. ನನ್ನ ಪ್ರಶ್ನೆ ಅಲ್ಲೇ ಉಳಿಯಿತು. ಮುಚ್ಚಳವಿಲ್ಲ ಎಂದು ತಿಳಿಯಬೇಕಾದರೆ ಹುಡುಕಿರಬೇಕಲ್ಲ.

ಮೆಕ್ಯಾನಿಕ್‌ನನ್ನು ಕರೆಸಿದೆ. ಪರದೆಯಲ್ಲಿ ಹಸಿರು ದೀಪ. ಎಲ್ಲ ಸರಿಯಿದೆ ಅಂದ. "ಅನುಮಾನ ಇದ್ರೆ ನೀವು ಮಾತ್ರ ಮುಟ್ಬೇಡಿ. ಆಫ್ ಮಾಡಿದ್ರೂ ಒಳಗೆ ನಾನೂರು ವೋಲ್ಟು ಇದ್ದೇ ಇರ್ತದೆ. ನೀರು ಹೋಗಿದ್ರೆ ಇವತ್ತೇ ಏನೂ ಆಗ್ಬೇಕಂತಿಲ್ಲ. ದಿನಗಳು ಕಳೆದ ಮೇಲೂ ಆಗಬಹುದು. ಬೆಂಕಿ ಹತ್ತಿದ್ರೆ ಆ ಹೊಗೆ ನಮಗೇ ಆಗಲ್ಲ, ಇನ್ನು ಅಮ್ಮಂಗೆ..." ಎಂದು ನಿಲ್ಲಿಸಿದ. ಆಗಲೇ ಆ ಪ್ರಶ್ನೆ, ಆ ನನ್ನ ಉತ್ತರ.

ಅವನು ಹೋದ ಮೇಲೆ ಹಸಿರು ದೀಪದ ಮೇಲೆಯೇ ನನಗೆ ಅನುಮಾನ. ಗೋಡೆಗೆ ಅಂಗೈ ಇಟ್ಟರೆ ಬೆಚ್ಚಗೆ. ಎದುರು ಗೋಡೆಗೆ ಇಟ್ಟರೆ ಅದೂ ಬೆಚ್ಚಗೆ. ಮಧುಗಿರಿಯ ಬಿಸಿಲಿಗೆ ಯಾವ ಗೋಡೆ ತಣ್ಣಗಿರುತ್ತದೆ? ಏನೋ ವಾಸನೆ ಅನ್ನಿಸಿತು. ಬಾಡಿದ ಸೇವಂತಿಗೆಯದೂ ಇರಬಹುದು. ಆಫ್ ಮಾಡಿಸಿದರೆ ಅಮ್ಮನ ಉಸಿರು ಲೈನ್ ಕರೆಂಟಿನ ಕೈಯಲ್ಲಿ. ಬಿಟ್ಟರೆ ಆ ಗೋಡೆಯ ಕೈಯಲ್ಲಿ.

ನಾಲ್ಕನೇ ದಿನ ಮಂಚವನ್ನು ಹಜಾರಕ್ಕೆ ತಂದೆ. ಯಂತ್ರ ಅಲ್ಲೇ ಇತ್ತು, ನಳಿಗೆ ಉದ್ದ ಮಾಡಿದೆ. "ಯಾಕೆ, ಗೋಡೆ ಬೆಚ್ಚಗೆ ಚೆನ್ನಾಗಿತ್ತಲ್ಲ," ಅಂದರು ಅಮ್ಮ. ಆ ಮಾತು ಕೇಳಿದ್ದೇ ಮೆಕ್ಯಾನಿಕ್‌ಗೆ ಫೋನ್ ಮಾಡಿದೆ. ನೀರು ಬಿದ್ದಿರಬಹುದು ಅಂದೆ.

"ಅವತ್ತೇ ಹೇಳ್ಬಾರ್ದಿತ್ತಾ ಅಕ್ಕಾ?"

ಅಷ್ಟೇ ಅಂದ. ಅದರಿಂದಲೂ ನಾನು ಅವತ್ತು ಅಂದದ್ದೇನೆಂದು ತಿಳಿಯುವುದಿಲ್ಲ.

ದಪ್ಪ ರಬ್ಬರ್ ಕೈಗವಸು ತೊಟ್ಟ ಇಬ್ಬರ ಜೊತೆ ಬಂದು ಬ್ಯಾಟರಿ ಬಿಡಿಸಿ ಒಯ್ದ. ಸಿರಾದಿಂದ ಬಾಡಿಗೆಗೆ ಆಕ್ಸಿಜನ್ ಸಿಲಿಂಡರ್ ತಂದೆವು. ಹೊಸದು ಬರುವವರೆಗೆ ಕರೆಂಟು ಹೋದಾಗಲೆಲ್ಲ ಅದರ ಮೀಟರಿನ ಮುಳ್ಳನ್ನೇ ನೋಡುತ್ತ ಕೂತಿದ್ದೆ. ಹೊಸ ಬ್ಯಾಟರಿಯನ್ನು ಹಿತ್ತಲ ಹೊರಗೋಡೆಗೆ, ನೆರಳಲ್ಲಿ, ಯಾರೂ ಮಲಗದ ಕಡೆ ಕೂರಿಸಿದರು. ವಾರಂಟಿಯ ಮಾತು ಯಾರೂ ಎತ್ತಲಿಲ್ಲ; ಅದರ ಮೇಲೂ ನನಗೆ ಅನುಮಾನವೇ. ಒಯ್ದದ್ದನ್ನು ಬಿಚ್ಚಿದಾಗ ಒಳಗೆ ಏನಿತ್ತು ಎಂದು ಕೇಳಿದೆ. ಕಂಪನಿಯವರು ತಿಳಿಸಿಲ್ಲ ಅಂದ ಮೆಕ್ಯಾನಿಕ್.

ಅಪ್ಪನನ್ನು ಇನ್ನೊಮ್ಮೆ ಕೇಳಿದೆ.

"ಹೊಸದಕ್ಕಂತೂ ಹಾಕಿಲ್ಲ ಕಣಮ್ಮ," ಅಂದರು.

ಮೊದಲಿನದಕ್ಕೆ ಹಾಕಿದ್ದರೋ ಇಲ್ಲವೋ, ನನಗೆ ಗೊತ್ತಿಲ್ಲ. ಆ ನಾಲ್ಕು ದಿನ ಅಮ್ಮ ಯಾವುದರ ಪಕ್ಕ ಮಲಗಿದ್ದರು ಎಂಬುದೂ ಗೊತ್ತಿಲ್ಲ.