ಓತಿಕ್ಯಾತದ ಮಾಸ್ತರರು

ಗುರುಪಾದಪ್ಪ ಮಾಸ್ತರರ ನೆತ್ತಿಯ ಹಿಂದೆ ಒಂದು ಹಿಡಿ ಕೂದಲು ಸದಾ ಸೆಟೆದು ನಿಂತಿರುತ್ತಿತ್ತು. ಎಣ್ಣೆ ಹಚ್ಚಿದರೂ ಬಗ್ಗದು, ಟೋಪಿ ಹಾಕಿದರೂ ಬಗ್ಗದು. ಅದರ ಜೊತೆಗೆ ಉತ್ತರ ಹೇಳುವ ಮುಂಚೆ ಎರಡು ಸಲ ತಲೆ ಕುಣಿಸುವ ಚಾಳಿ ಬೇರೆ. ನಾಲತವಾಡದ ನಮ್ಮ ಹೈಸ್ಕೂಲಿನಲ್ಲಿ ಅವರಿಗೆ ಓತಿಕ್ಯಾತ ಎಂದು ಹೆಸರು ಬೀಳದೆ ಇದ್ದೀತೇ? ಅದು ಕಿವಿಗೆ ಬಿದ್ದಾಗ ಮಾಸ್ತರರಿಗೆ ಸಿಟ್ಟು ಬರಲಿಲ್ಲ. "ಇಟ್ಟಾವ್ರು ನೋಡಿ ಇಟ್ಟಾರ," ಎಂದು ಮೆಚ್ಚಿಕೊಂಡರು.

ನೋಡುವುದೇ ಅವರ ಪಾಠ. ಪುಸ್ತಕ ಮುಚ್ಚಿಸಿ ನಮ್ಮನ್ನು ಸಾಲೆಯ ಹಿಂದಿನ ಜಾಲಿ ಬೇಲಿಯ ಮುಂದೆ ನಿಲ್ಲಿಸಿ, ಅಲ್ಲಿ ಕೂತ ಓತಿಕ್ಯಾತ ತೋರಿಸುತ್ತಿದ್ದರು. "ನೀಲವ್ವ, ಕಿವಿ ಮ್ಯಾಲ ನೋಡು. ಸಣ್ಣ ಮುಳ್ಳಿನ ಗೊಂಚಲ ಎಷ್ಟದಾವು? ಎರಡು. ಮೈಮ್ಯಾಲಿನ ಹುರುಪಿ ನೋಡು, ಒಂದೊಂದೂ ಚೂಪಾಗಿ ಹಿಂದಕ್ಕ ಎದ್ದೈತಿ." ನಾನು ಹೂಂ ಅನ್ನುತ್ತಿದ್ದೆ, ಆದರೆ ನನ್ನ ಎರಡೂ ಕೈ ಹೊಟ್ಟೆಯ ಮೇಲಿರುತ್ತಿದ್ದವು. ಗಂಟಲು ಕೆಂಪಾದ ಓತಿಕ್ಯಾತ ದೂರದಿಂದಲೇ ನಮ್ಮ ಹೊಕ್ಕಳಿನ ರಕ್ತ ಹೀರುತ್ತದೆ ಎಂದು ಓಣಿಯ ಮಕ್ಕಳೆಲ್ಲ ನಂಬಿದ್ದೆವು. ಹಾಗಾಗಿ ನನ್ನ ನೋಟ ಅರ್ಧ ನೆಲದ ಕಡೆಗೇ.

ಮಾಸ್ತರರದು ನಾಲ್ಕು ವರ್ಷದಿಂದ ಹಂಗಾಮಿ ನೌಕರಿ. ಆ ವರ್ಷ ತಪಾಸಣೆಗೆ ಬರುವ ಸಾಹೇಬರು ಒಳ್ಳೆಯ ವರದಿ ಬರೆದರೆ ಖಾಯಂ, ಇಲ್ಲದಿದ್ದರೆ ಹೂವಿನ ಹಿಪ್ಪರಗಿಗೆ ಹೋಗಿ ಅಣ್ಣನ ಹೊಲ ನೋಡಿಕೊಳ್ಳುವುದು. ಮಾಸ್ತರರು ವಾರವಿಡೀ ಕೂತು ಗೋಡೆಯಷ್ಟಗಲದ ಹಾಳೆಯ ಮೇಲೆ ಓತಿಕ್ಯಾತದ ಚಿತ್ರ ಬರೆದರು. ತಲೆ ಕೆಂಪು, ಬೆನ್ನ ಮೇಲೆ ಗರಗಸದಂಥ ಮುಳ್ಳು.

ಸಾಹೇಬರು ಚಿತ್ರ ನೋಡಿ ಹುಬ್ಬೇರಿಸಿದರು. "ಏನ್ರೀ ಮಾಸ್ತರ, ಓತಿಕ್ಯಾತಕ್ಕ ಕುಂಕುಮ ಹಚ್ಚೀರಿ? ಪುಸ್ತಕದಾಗ ಬೂದಿ ಬಣ್ಣ ಐತಿ."

ಹೆಡ್‌ಮಾಸ್ತರರು ಹಿಂದಿನಿಂದ ಒಪ್ಪಿಕೋ, ಒಪ್ಪಿಕೋ ಎಂದು ಕಣ್ಣಲ್ಲೇ ಅಂಗಲಾಚಿದರು. ನಮ್ಮ ಮಾಸ್ತರರು ಎರಡು ಸಲ ತಲೆ ಕುಣಿಸಿ, "ಬೇಲಿತನಾ ಬರ್ರಿ ಸಾಹೇಬ್ರ," ಎಂದುಬಿಟ್ಟರು.

ಹೋದೆವು. ಮಳೆ ನಿಂತು ಬಿಸಿಲು ಬಿದ್ದಿತ್ತು. ಕಲ್ಲುಕಂಬದ ಮೇಲೆ ಬೂದಿ ಬಣ್ಣದ್ದೊಂದು ಕೂತಿತ್ತು. ಸಾಹೇಬರು ನಕ್ಕರು. "ಅಲುಗಾಡಬ್ಯಾಡ್ರಿ," ಎಂದರು ಮಾಸ್ತರರು. ಅಷ್ಟರಲ್ಲಿ ಪಕ್ಕದ ಕಂಬಕ್ಕೆ ಇನ್ನೊಂದು ಗಂಡು ಹತ್ತಿತು. ಮೊದಲನೆಯದು ಮುಂಗಾಲು ಊರಿ ಮೈ ಎತ್ತಿ ಇಳಿಸಿ, ನೋಡನೋಡುತ್ತ ಕುತ್ತಿಗೆತನಕ ಕೆಂಪಾಯಿತು. ಸಾಹೇಬರ ಕೈಲಿದ್ದ ಫೈಲು ಸರಕ್ಕನೆ ಹೊಟ್ಟೆಯ ಮೇಲೆ ಬಂತು! ಅವರೂ ನಮ್ಮ ಸೀಮೆಯವರೇ. ನಾವು ಬಿದ್ದು ಬಿದ್ದು ನಕ್ಕೆವು.

ಸಾಹೇಬರು ಫೈಲು ಇಳಿಸದೆಯೇ ಮತ್ತೆ ದಿಟ್ಟಿಸಿದರು. "ಖರೇ, ಕೆಂಪಾತು. ಆದ್ರ ನಿಮ್ಮ ಚಿತ್ರದಾಗ ಮುಳ್ಳು ಬಾಲದ ತುದಿತನಾ ಹೋಗ್ಯಾವ. ಇದರದು ಹಿಂದಕ್ಕ ಹೋದಂಗ ಗಿಡ್ಡಾಗಿ ನಿಂತೇ ಬಿಟ್ಟಾವಲ್ರಿ."

ನಮ್ಮ ನಗು ನಿಂತಿತು. ಮಾಸ್ತರರು ಟೋಪಿ ತೆಗೆದು ಬಗ್ಗಿ ನೋಡಿದರು. "ಹೌದ್ರಿ. ತಲಿ ನೋಡಿ ಬರದೀನಿ, ಬಾಲ ಅಂದಾಜಿಲೆ ಬರದೀನಿ. ತಪ್ಪು ನಂದ." ಒಳಗೆ ಹೋಗಿ ಎಲ್ಲರ ಎದುರಿಗೇ ಬ್ಲೇಡಿನಿಂದ ಬಾಲದ ಮುಳ್ಳು ಕೆರೆದರು. ನನಗೆ ಅಳುವೇ ಬಂತು. ಹೊಲವೇ ಗತಿ ಎಂದುಕೊಂಡೆ. ಎರಡು ತಿಂಗಳಿಗೆ ಆದೇಶ ಬಂತು: ಖಾಯಂ, ಇಂಡಿಗೆ ವರ್ಗ.

ಆರೇಳು ವರ್ಷಗಳ ನಂತರ ಇಂಡಿ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕರು. ಸೊರಗಿದ್ದರು, ಆದರೆ ಕೂದಲು ಮಾತ್ರ ಸೆಟೆದೇ ಇತ್ತು. ಸಿಂದಗಿಯಲ್ಲಿ ನಾನೂ ಟೀಚರಾದೆ ಎಂದು ಹೆಮ್ಮೆಯಿಂದ ಹೇಳಿದೆ.

"ಹೌದೇನು? ಕಿವಿ ಮ್ಯಾಲ ಗೊಂಚಲ ಎಷ್ಟವ್ವ?"

"ಎರಡು ರಿ ಸರ."

"ನೋಡಿ ಹೇಳಿದ್ಯೋ, ನಾ ಹೇಳಿದ್ದು ಹೇಳಿದ್ಯೋ?"

ಬಸ್ಸು ಬಂದು ನನ್ನ ಮಾನ ಉಳಿಸಿತು. ಮರುದಿನ ಸಿಂದಗಿಯ ನನ್ನ ಸಾಲೆಯ ಬೇಲಿಯ ಮುಂದೆ ನಿಂತೆ, ಕೈ ಹೊಟ್ಟೆಯಿಂದ ತೆಗೆದು. ಕಂಡೆ. "ಎರಡೇ ರಿ ಸರ, ನೋಡಿದೆ," ಎಂದು ಕಾರ್ಡು ಹಾಕಿದೆ. ಅವರ ಮಗಳು ಉತ್ತರ ಬರೆದಳು: "ಅಪ್ಪಾರಿಗೆ ಆರಾಮಿಲ್ಲ. ನಿಮ್ಮ ಕಾರ್ಡು ಎರಡು ಸಲ ಓದಿಸಿ ನಕ್ಕರು. ಎಷ್ಟೊತ್ತು ನಿಂತು ನೋಡಿದ್ಲು ಅಂತ ಬರದಿಲ್ಲಲಾ, ಕೇಳು ಅಂದರು."

ಅವಳ ಕಾರ್ಡಿಗೆ ನಾನು ಉತ್ತರ ಬರೆದ ದಿನವೇ ಮಾಸ್ತರರು ತೀರಿಹೋದ ಸುದ್ದಿ ಬಂತು. ಅಂಚೆಗೆ ಹಾಕಲಾಗದ ನನ್ನ ಆ ಕಾರ್ಡು ಇಂದಿಗೂ ನನ್ನ ಪಾಠದ ವಹಿಯಲ್ಲಿದೆ: "ಅರ್ಧ ತಾಸು ರಿ ಸರ. ಬಾಲದ ತುದಿತನಾ ನೋಡಿದೆ."