ಹಸಿರು ನೀರು ಬಂದ ನಳ

ಕಳೆದ ವರ್ಷ ಮೇ ತಿಂಗಳಲ್ಲಿ ಛತ್ರಪತಿ ಸಂಭಾಜಿನಗರದ ಅಂಚಿನ ಬಡಾವಣೆಯೊಂದರಲ್ಲಿ ಕಸ್ತೂರಬಾಯಿ ಎಂಬವರ ಮನೆಯ ನಳವನ್ನು ನೀರು ಸರಬರಾಜು ವಿಭಾಗ ಕತ್ತರಿಸಿತು. ಆ ಓಣಿಯ ನೀರು ಕೆಟ್ಟಿದೆ ಎಂದು ವಿಭಾಗಕ್ಕೆ ತೋರಿಸಿಕೊಟ್ಟವರು ಅವರೇ.

ನಾನು ಆಗ ಅಲ್ಲಿ ಉಪ ಅಭಿಯಂತರ. ಅದಕ್ಕೆ ಮುಂಚೆ ನಾಸಿಕ್‌ನಲ್ಲಿದ್ದೆ. ನದಿಗೆ ಚರಂಡಿ ಸೇರದಂತೆ ನೋಡಿಕೊಳ್ಳುವ ಕೆಲಸ. ಇಲ್ಲಿ ಕುಡಿಯುವ ನೀರಿನ ಪೈಪಿಗೇ ಚರಂಡಿ ಸೇರದಂತೆ ನೋಡಬೇಕಿತ್ತು. ನೀರು ದಿನಾ ಬರುವುದಿಲ್ಲ. ನಡುವಿನ ದಿನಗಳಲ್ಲಿ ಪೈಪು ಖಾಲಿ. ನೀರು ಬಿಟ್ಟ ದಿನ ಜನ ನಳಕ್ಕೆ ನೇರವಾಗಿ ಮೋಟರ್ ಹಚ್ಚಿ ಎಳೆಯುತ್ತಾರೆ. ಪೈಪು ಎಲ್ಲಾದರೂ ಬಿರಿದಿದ್ದರೆ ಸುತ್ತಲಿನ ಕೊಳಚೆಯೂ ಒಳಗೆ ಬರುತ್ತದೆ. ಹೀಗೆ ಮೋಟರ್ ಹಚ್ಚುವುದು ನಿಯಮಬಾಹಿರ. ಹಾಗಾಗಿ ನಮ್ಮ ಜೀಪು ಓಣಿಗೆ ತಿರುಗಿದರೆ ಮೋಟರುಗಳು ಜೋಳದ ಡಬ್ಬಿ ಸೇರುತ್ತವೆ, ಬಾಗಿಲುಗಳು ಮುಚ್ಚಿಕೊಳ್ಳುತ್ತವೆ.

ಆ ಬಡಾವಣೆಯಲ್ಲಿ ಕಾಮಾಲೆ ಹಬ್ಬಿತ್ತು. ನನ್ನ ಅನುಮಾನ ಅಲ್ಲಿನ ಮಂಗಲ ಕಾರ್ಯಾಲಯದ ಮೇಲೆ, ಅಂದರೆ ಮದುವೆ ಛತ್ರದ ಮೇಲಿತ್ತು. ಅದರ ಶೌಚಾಲಯದ ಪೈಪನ್ನು ಒಳಚರಂಡಿಗೆ ಜೋಡಿಸದೆ ಮಳೆನೀರಿನ ನಾಲೆಗೆ ಬಿಟ್ಟಿದ್ದಾರೆಂದು ಸುದ್ದಿ. ನಮ್ಮ ಹಳೆಯ ಪೈಪು ಅದೇ ನಾಲೆಯೊಳಗೆ ಹಾದುಹೋಗುತ್ತದೆ. ಪರೀಕ್ಷೆಗೆ ಡೈ ಟೆಸ್ಟ್ ಇದೆ: ಛತ್ರದ ಶೌಚಾಲಯದಲ್ಲಿ ಹಸಿರು ಬಣ್ಣ ಸುರಿದು, ನೀರು ಬಿಟ್ಟಾಗ ಮನೆಗಳ ನಳ ನೋಡುವುದು. ಬಣ್ಣ ಸುರಿಸಿದೆ. ನಳ ತೋರಿಸುವವರು ಸಿಗಲಿಲ್ಲ.

ಬಾಗಿಲು ತೆರೆದದ್ದು ಕಸ್ತೂರಬಾಯಿ ಒಬ್ಬರೇ. ಭಾಲ್ಕಿ ಕಡೆಯವರು. ನಾನು ಫೋನಿನಲ್ಲಿ ಕನ್ನಡ ಮಾತಾಡುವುದು ಕೇಳಿ ಹೊರಗೆ ಬಂದರು. ಮಗಳು ಸವಿತಾ ಕಾಮಾಲೆಯಾಗಿ ಮಲಗಿದ್ದಳು.

“ಬರ್ರಿ ಸಾಹೇಬ್ರ. ನಮ್ ಕಡ್ಯೋರು ಬಂದಾಗ ಬಾಗ್ಲಾ ಹಾಕ್ಕೊಂಡು ಕೂಡೂದೇನ್ರಿ?”

ಗೋಡೆಯಾಚೆಯಿಂದ ನೆರೆಮನೆಯಾಕೆ ಮರಾಠಿಯಲ್ಲಿ ಚುಚ್ಚಿದಳು: “ಏನು ಕಸ್ತೂರಾ, ಅಳಿಯ ಬಂದನೇ?”

“ಹೌದು, ಅಳಿಯನೇ. ಡಬ್ಬಿಯೊಳಗೆ ನಿನ್ನ ಮೋಟರಿಗೆ ಉಸಿರುಗಟ್ಟೀತು, ನೋಡ್ಕೋ,” ಎಂದು ಇವರೂ ಮರಾಠಿಯಲ್ಲೇ ತಿರುಗಿಸಿದರು.

ನೀರು ಬಂತು. ಮೊದಲ ತಂಬಿಗೆಯೇ ಹಸಿರು. ಸವಿತಾ ಮಂಚದಿಂದ ಇಣುಕಿ, “ಆಯಿ, ಗಿಳಿ ಬಣ್ಣ” ಎಂದಳು.

“ನೀರು ಕೆಟ್ಟಾವ ಅಂದ್ರ ಯಾರೂ ನಂಬಲಿಲ್ಲ. ಈಗರ ನಂಬ್ತೀರೇನ್ರಿ?” ಎಂದರು ಕಸ್ತೂರಬಾಯಿ.

ನಾನು ವರದಿ ಬರೆದೆ. ತೊಡಕು ಶುರುವಾದದ್ದು ಅಲ್ಲಿಂದ. ಬಡಾವಣೆಗೇ ಮಂಜೂರಾತಿ ಇರಲಿಲ್ಲ. ಅಲ್ಲಿನ ಯಾವ ನಳವೂ ಅಧಿಕೃತವಲ್ಲ. ಆದರೆ ಕಚೇರಿಯ ದಾಖಲೆಗೆ ಬಂದದ್ದು ಒಂದೇ ನಳ. ಮನೆಯ ಗುರುತು ಬಿಟ್ಟು ಓಣಿಯ ಹೆಸರಷ್ಟೇ ಬರೆಯಲೇ ಎಂದು ಮೇಲಧಿಕಾರಿಯನ್ನು ಕೇಳಿದೆ.

“ಯಾರ ನಳದಲ್ಲಿ ಬಂತು ಅಂತ ಬರೆಯದೆ ಛತ್ರಕ್ಕೆ ನೋಟಿಸ್ ಹೇಗೆ ಕೊಡುವುದು? ಬರೆದ ಮೇಲೆ ಆ ನಳ ಹೇಗೆ ಬಿಡುವುದು?” ಎಂದರು ಅವರು. ಎರಡೂ ಮಾತು ನಿಯಮದ ಪ್ರಕಾರ ಸರಿಯಾಗಿದ್ದವು.

ಛತ್ರಕ್ಕೆ ನೋಟಿಸ್ ಹೋಯಿತು, ಉತ್ತರಿಸಲು ಕಾಲಾವಕಾಶದೊಂದಿಗೆ. ಅನಧಿಕೃತ ನಳಕ್ಕೆ ನೋಟಿಸ್ ಬೇಕಿಲ್ಲ ಎಂದರು. ಕತ್ತರಿಸುವ ತಂಡದ ಜೊತೆ ನಾನೂ ಹೋದೆ. ಕಸ್ತೂರಬಾಯಿ ಜಗಳಾಡಲಿಲ್ಲ.

“ನಿಮ್ಮ ಕನ್ನಡ ಕೇಳಿ ಬಾಗ್ಲಾ ತಗದ್ನಿ, ಸಾಹೇಬ್ರ. ಮರಾಠ್ಯಾಗ ಮಾತಾಡಿದ್ರ ಛಲೋ ಇತ್ತು.”



ಈ ವರ್ಷದ ಆರಂಭದಲ್ಲಿ ನಿವೃತ್ತನಾಗುವವರೆಗೂ ಅದೇ ಕೆಲಸ ಮಾಡಿದೆ. ಯಾರಾದರೂ ನೀರು ಕೆಟ್ಟಿದೆ ಎಂದು ಕರೆದರೆ, ನಳ ಮಂಜೂರಾದದ್ದೇ ಎಂದು ಹೊಸ್ತಿಲಲ್ಲೇ ಕೇಳುತ್ತಿದ್ದೆ. ಅಲ್ಲ ಎಂದರೆ ಒಳಗೆ ಹೋಗುತ್ತಿರಲಿಲ್ಲ. ಆ ಕೆಲಸ ನನಗೆ ಕಲಿಸಿದ್ದು ಅಷ್ಟು.

ಛತ್ರದವರು ಸಮಯ ಕೇಳಿದರು, ಸಿಕ್ಕಿತು. ಮತ್ತೆ ಕೇಳಿದರು, ಮತ್ತೆ ಸಿಕ್ಕಿತು. ಮದುವೆಗಳು ನಡೆಯುತ್ತಿವೆ. ಸವಿತಾ ಗುಣವಾದಳು. ಕಸ್ತೂರಬಾಯಿ ಈಗ ನೆರೆಮನೆಯಾಕೆಯ ನಳದಿಂದ ಕೊಡ ತುಂಬಿಕೊಳ್ಳುತ್ತಾರೆ, ಪೈಪು ಅದೇ. ನಳ ಕತ್ತರಿಸಿದ ಮೇಲೆ ಆ ಓಣಿಯಿಂದ ಒಂದು ದೂರೂ ಬಂದಿಲ್ಲ. ಈ ಬೇಸಿಗೆಯ ಪರಿಶೀಲನೆಯಲ್ಲಿ ಆ ಬಡಾವಣೆಯನ್ನು ನೀರಿನ ಸಮಸ್ಯೆ ಇಲ್ಲದ ಪ್ರದೇಶಗಳಲ್ಲಿ ಸೇರಿಸಲಾಗಿದೆ.