ಗಾಡಿಯಲ್ಲಿ ಆಪಾಗೆ ಜಾಗವಿಲ್ಲವೆಂದರು

ಪೊಲೀಸ್ ಆ್ಯಕ್ಷನ್ ಆದ ಮರುವರ್ಷದ ಮಳೆಗಾಲ. ನಾನಾಗ ಮೈಲೂರಿನ ಮನೆಯ ಕಿರಿಯ ಸೊಸೆ. ಪಕ್ಕದ ಮನೆಯಲ್ಲಿ ದರ್ಜಿಯೊಬ್ಬರ ಹೆಂಡತಿ ಇದ್ದರು. ನಾನು ಅವರನ್ನು ಅಕ್ಕ ಎನ್ನುವ ಹಾಗೆ ಆಪಾ ಎನ್ನುತ್ತಿದ್ದೆ. ರಜಾಕಾರರ ಹೆದರಿಕೆಯಿದ್ದ ದಿನಗಳಲ್ಲಿ ನಮ್ಮ ಮನೆಯ ಹೆಂಗಸರೆಲ್ಲ ಮಲಗುತ್ತಿದ್ದುದು ಆಪಾ ಮನೆಯ ಒಳಕೋಣೆಯಲ್ಲಿ. ದರ್ಜಿಯವರು ಬಾಗಿಲಿಗೆ ಅಡ್ಡ ಕೂತಿರುತ್ತಿದ್ದರು. ಆ್ಯಕ್ಷನ್ ಆದಮೇಲೆ ಮುಸಲ್ಮಾನರ ಮೇಲೆ ನಡೆದ ಗಲಾಟೆಯಲ್ಲಿ, ಭಾಲ್ಕಿಗೆ ಹೋಗಿದ್ದ ಆಪಾ ಅವರ ತಮ್ಮ ತಿರುಗಿ ಬರಲಿಲ್ಲ. ಅಂದಿನಿಂದ ಆಪಾ ಹೊಸ್ತಿಲು ದಾಟಿರಲಿಲ್ಲ.

ಹೊನ್ನಿಕೇರಿ ಅಡವಿಯ ಆಚೆ, ಗುಡ್ಡದ ಅಂಚಿನಿಂದ ಮಳೆಗಾಲದಲ್ಲಿ ನೀರು ಧುಮುಕುತ್ತಿತ್ತು. ನಮ್ಮಲ್ಲಿ ಅದಕ್ಕೆ ಧಬಧಬಿ ಎನ್ನುತ್ತಿದ್ದರು. ಒಂದು ದಿನದ ಮಟ್ಟಿಗೆ ಹೋಗಿಬರೋಣವೆಂದು ನಾನೇ ಮಾತು ತೆಗೆದೆ. ನಸುಕಿನಲ್ಲಿ ಗಾಡಿ ಹೂಡುವುದು, ಗುಡ್ಡದ ಬುಡದಲ್ಲಿ ಎತ್ತು ಬಿಚ್ಚುವುದು, ಅಲ್ಲಿಂದ ಕಾಲುಹಾದಿ ಹಿಡಿಯುವುದು, ಎಲ್ಲ ನಿಶ್ಚಯವಾಯಿತು. ಆಪಾ ಮೊದಮೊದಲು ಒಲ್ಲೆನೆಂದರು. ನಾನು ದಿನಾ ಕಾಡಿದೆ. ಕೊನೆಗೊಂದು ಮಧ್ಯಾಹ್ನ ಅವರೇ ಕೇಳಿದರು:

“ಆ ಹಾದ್ಯಾಗ ಚಪ್ಪಲ್ ಜಾರ್ತಾವೇನು?”

ಬರುತ್ತಾರೆಂದು ಗೊತ್ತಾಗಿ ನನಗೆ ಹಿಡಿಸಲಾರದಷ್ಟು ಸಂತೋಷವಾಯಿತು.

ಹೊರಡುವ ಹಿಂದಿನ ಸಂಜೆ ಭಾವ ಅಂದರು, “ಬಾಜೂ ಮನ್ಯಾಕಿ ಬ್ಯಾಡ. ಮಂದಿ ಏನಂತಾರ?”

ಭಾವನ ಎದುರು ನಾನು ಎಂದೂ ಬಾಯಿ ತೆರೆದವಳಲ್ಲ. ಅಂದು ಕೇಳಿದೆ. “ಯಾವ ಮಂದಿರಿ?”

“ಈಗ ಕಾಲ ಛಲೋ ಇಲ್ಲ.”

“ಕಾಲ ಛಲೋ ಇರಲಾರದಾಗ ನಾವು ಯಾರ ಮನ್ಯಾಗ ಮಲಗಿದ್ದೆವ್ರಿ?”

ಅವರು ಎದ್ದು ಹೋದರು. ನನ್ನ ಗಂಡ ತಲೆ ತಗ್ಗಿಸಿ ಹಗ್ಗ ಸುತ್ತುತ್ತ ಕೂತಿದ್ದರು. ಭಾವನ ಮಾತಿಗಿಂತ ಇವರ ಮೌನಕ್ಕೇ ನನಗೆ ಮೈಯೆಲ್ಲ ಉರಿಯಿತು. ಆಪಾಗೆ ಸುದ್ದಿ ಮುಟ್ಟಿಸುವ ಕೆಲಸವನ್ನೂ ನನಗೇ ಹಚ್ಚಿದರು. ಜ್ವರ ಬಂದಿದೆ, ಗಾಡಿ ಮುರಿದಿದೆ ಎಂದೆಲ್ಲ ಸುಳ್ಳು ಹೇಳಲು ನನಗೆ ಮನಸ್ಸಾಗಲಿಲ್ಲ.

“ನಿಮ್ಮನ್ನ ಕರಕೊಂಡು ಹೋಗೂದಿಲ್ಲ ಅಂತಾರ್ರಿ ಆಪಾ. ನಾನೂ ಹೋಗೂದಿಲ್ಲ.”

“ನೀ ಹೋಗವ್ವ,” ಎಂದರು ಆಪಾ. “ನನಗ ಗೊತ್ತಿತ್ತು.”

ಗೊತ್ತಿತ್ತಂತೆ. ಚಪ್ಪಲಿಯ ಮಾತು ಕೇಳಿದ ದಿನವೂ ಗೊತ್ತಿತ್ತೇನೋ. 

ಮರುದಿನ ಗಾಡಿ ಹೊರಟಿತು. ನಾನು ಪಡಸಾಲೆಯ ಕಂಬ ಹಿಡಿದು ನಿಂತೆ. ಅತ್ತೆಯೂ ಗಾಡಿ ಹತ್ತಿದ್ದರು. ಅವರ ಮೇಲೂ ಸಿಟ್ಟು ಬಂದಿತ್ತು. ಸ್ವಲ್ಪ ಹೊತ್ತಿನಲ್ಲಿ ನೋಡುತ್ತೇನೆ, ಅತ್ತೆ ಮಂಡಿನೋವಿನ ಕಾಲು ಎಳೆಯುತ್ತ ಓಣಿಯಲ್ಲಿ ತಿರುಗಿ ಬರುತ್ತಿದ್ದಾರೆ. ತಲೆಯ ಮೇಲೆ ರೊಟ್ಟಿಯ ಬುಟ್ಟಿ.

“ಅವರ ಜೋಡಿ ಕೂಡೂದು ಆಗಲಿಲ್ಲ. ಬುಟ್ಟಿನೂ ಇಳಿಸಿಕೊಂಡು ಬಂದೀನಿ. ಉಪಾಸ ಇರಲಿ ಒಂದು ದಿನ,” ಎಂದವರೇ ಆಪಾ ಬಾಗಿಲು ಬಡಿದರು.

ದಸರಾ ಕಳೆದ ಮೇಲೆ ಅತ್ತೆಯೇ ಬೇರೆ ಗಾಡಿ ಗೊತ್ತು ಮಾಡಿದರು. ನಾವು ಮೂವರೂ ಹೋದೆವು. ಅತ್ತೆ ಬುಡದಲ್ಲೇ ಕೂತರು. ಆಪಾ ಕಾಲುಹಾದಿಯನ್ನು ಪೂರ್ತಿ ನಡೆದರು, ನನಗಿಂತ ಮುಂದೆ. ಅಷ್ಟರಲ್ಲಿ ಮಳೆ ನಿಂತು ಬಹಳ ದಿನವಾಗಿತ್ತು. ಕೆಂಪು ಬಂಡೆಯ ಮೇಲೆ ಬರೀ ಹಸಿ ಉಳಿದಿತ್ತು. ಆಪಾ ಅದರ ಮೇಲೆ ಅಂಗೈಯಿಟ್ಟು, “ಇಲ್ಲೇ ಬೀಳ್ತಿತ್ತೇನು ನೀರು?” ಎಂದರು.

“ಹೌದ್ರಿ,” ಎಂದೆ.

ಆ ಧಬಧಬಿ ತುಂಬಿ ಬೀಳುತ್ತಿದ್ದ ಅಂದವನ್ನು ಭಾವ ಮನೆಗೆ ಬಂದವರಿಗೆಲ್ಲ ಬಣ್ಣಿಸುತ್ತಿದ್ದರು. ಆ ಮಾತು ಶುರುವಾದರೆ ಸಾಕು, ನಾನು ಎದ್ದು ಒಳಗೆ ಹೋಗುತ್ತಿದ್ದೆ.